ಹದಿನೈದು ತುಂಬಿದ ಮೇಲೆ, ಐವತ್ತು ತುಂಬೋ ಮೊದಲು

ನಮ್ಮ ಮೋಟಾರು ವಾಹನ ನಿಯಮಗಳಲ್ಲಿ ಎರಡು ಅಂಕಿಗಳಿವೆ. ಒಂದು 15, ಇನ್ನೊಂದು 50. ಎರಡನ್ನೂ ಬರೆದದ್ದು ಕೇಂದ್ರದ ಅದೇ ಸಾರಿಗೆ ಸಚಿವಾಲಯ, ಅದೂ ಎರಡು ವರ್ಷದ ಒಳಗೆ. ಬೇರೆಬೇರೆಯಾಗಿ ಓದಿದರೆ ಎರಡೂ ಸರಿಯಾಗೇ ಇವೆ. ಅಕ್ಕಪಕ್ಕ ಇಟ್ಟು ಓದಿದಾಗ ತಲೆಯಲ್ಲಿ ಹುಳ ಬಿಟ್ಟಂಗಾಗುತ್ತೆ.

ಮೊದಲು ಐವತ್ತು. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ, ದೊಡ್ಡ ಮಾರ್ಪಾಡು ಮಾಡದ ಖಾಸಗಿ ವಾಹನಕ್ಕೆ ‘ವಿಂಟೇಜ್’ ಅನ್ನೋ ಪದವಿ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಅಂತ ಬರುತ್ತೆ. ದಿನಾ ಓಡಿಸೋ ಹಂಗಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಎಣ್ಣೆ ಹಾಕಿಸೋಕೆ ಹೊರಗೆ ತರಬಹುದು.

ಈಗ ಹದಿನೈದು. 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳಿಗೆ 15 ವರ್ಷ ತುಂಬಿದರೆ ನೋಂದಣಿ ಮುಗಿದಂತೆ. ಆಮೇಲೆ ಅವು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಹೋಗಬೇಕು. ದೇಶ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸೋ ವಿಶೇಷ ವಾಹನಗಳಿಗೆ ವಿನಾಯಿತಿ ಕೊಟ್ಟರು. ಆ ಸಾಲಿನಲ್ಲಿ ಬೆಂಕಿ ಆರಿಸೋ ಗಾಡಿಯ ಹೆಸರು ಇರಲಿಲ್ಲ.

ಲೆಕ್ಕ ಹಾಕಿ. 2008ರಲ್ಲಿ ನೋಂದಣಿಯಾದ ಒಂದು ಅಗ್ನಿಶಾಮಕ ವಾಹನ 2023ಕ್ಕೆ ಗುಜರಿ. ಅದಕ್ಕೆ 50 ತುಂಬಿ ವಿಂಟೇಜ್ ಆಗೋದು 2058ರಲ್ಲಿ. ನಡುವೆ 35 ವರ್ಷ. ಈ 35 ವರ್ಷ ಅದು ಎಲ್ಲಿರಬೇಕು? ಯಾರ ಶೆಡ್ಡಿನಲ್ಲಿ? ಯಾವ ಹೆಸರಿನಲ್ಲಿ? ಎಲ್ಲೂ ಇರೋ ಹಂಗಿಲ್ಲ. ಐವತ್ತರ ಗಾಡಿಯನ್ನು ಪರಂಪರೆ ಅಂತ ಗೌರವಿಸೋ ಕಾನೂನು, ಯಾವ ಸರ್ಕಾರಿ ಗಾಡಿಯೂ ಐವತ್ತು ಮುಟ್ಟದ ಹಂಗೆ ದಾರಿ ಮುಚ್ಚಿಬಿಟ್ಟಿದೆ. ನಮ್ಮಲ್ಲಿ ಬೆಂಕಿ ಆರಿಸೋ ಗಾಡಿ ಬಹುಮಟ್ಟಿಗೆ ಸರ್ಕಾರದ್ದೇ. ಹಾಗಾಗಿ ಹಳೇ ಫೈರ್ ಎಂಜಿನ್ನನ್ನು ತಂದು, ತುಕ್ಕು ಕೆರೆದು, ಬಣ್ಣ ಬಳಿದು, ಪಂಪ್ ಮತ್ತೆ ತಿರುಗಿಸೋ ಹವ್ಯಾಸ ಯಾರಿಗಾದರೂ ಇದ್ದರೆ, ಅವರು 2023ಕ್ಕಿಂತ ಮುಂಚೆ ಹರಾಜಾಗಿ ಎಲ್ಲೋ ಉಳಿದ ಗಾಡಿಗಳ ಮೇಲೇ ಕಣ್ಣಿಡಬೇಕು.

ನಿಯಮ ಮಾಡಿದವರು ದಡ್ಡರು ಅಂತ ಹೇಳೋಕೆ ಹೊರಟಿಲ್ಲ. ಹಳೇ ಎಂಜಿನ್ನು ಹೊಗೆ ಉಗುಳುತ್ತೆ, ಬ್ರೇಕು ಕೈಕೊಡುತ್ತೆ, ಬೆಂಕಿಗೆ ಹೊರಟ ಗಾಡಿ ದಾರಿಯಲ್ಲಿ ನಿಂತರೆ ಜೀವ ಹೋಗುತ್ತೆ. ಇದೆಲ್ಲ ನಿಜ. ನನಗೆ ಕಾಡೋದು ಬೇರೆ. ಉಪಯೋಗ ಮುಗಿದ, ಆದರೆ ಇನ್ನೂ ಅಮೂಲ್ಯ ಆಗದ ವಸ್ತುವಿಗೆ ನಾವೇನಾದರೂ ಬಾಕಿ ಇದ್ದೀವಾ? ಇದ್ದರೆ ಏನು?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಒಂದು ಸಲ ಎದ್ದಿತ್ತು. ಮುದ್ದೇಬಿಹಾಳದ ಕಡೆ ಶಾಲೆ ಓದಿದವರಿಗೆಲ್ಲ ವಿಜಯಪುರದ ಟ್ರಿಪ್ಪು ಗೊತ್ತಿರುತ್ತೆ. ಗೋಳಗುಮ್ಮಟದಲ್ಲಿ ಕೂಗಿ, ಆಮೇಲೆ ಮುಲ್ಕ ಮೈದಾನ ತೋಪಿನ ಹತ್ತಿರ ಹೋಗೋದು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ಬಾಯಿ ತೆರೆದ ಸಿಂಹದ ತಲೆ, ಬಿಸಿಲಲ್ಲೂ ತಣ್ಣಗಿರೋ ಮೈ. ಶಾಲೆಯಲ್ಲಿ ಹೇಳದ ಕತೆ ಏನಂದರೆ, 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಬಿಜಾಪುರದಲ್ಲಿ ಬಿದ್ದಿದ್ದ ಕೆಲಸಕ್ಕೆ ಬಾರದ ಸರಕನ್ನೆಲ್ಲ ಮಾರಿಬಿಡಿ ಅಂತ ಆದೇಶ ಕೊಟ್ಟರು. ಬೇರೆ ಸಾಮಾನಿನ ಜೊತೆ ಈ ತೋಪೂ ಹರಾಜಿಗೆ ಬಂತು. ಮೇಲಿನ ಸವಾಲು 150 ರೂಪಾಯಿ.

ಹರಾಜು ನಡೆಸಿದ ಮಾಮಲೇದಾರರಿಗೆ ಆ ಬೆಲೆ ತೀರಾ ಕಡಿಮೆ ಅನ್ನಿಸಿತು. ಜನ ಆ ತೋಪಿನ ಮೇಲೆ ಭಕ್ತಿ ಇಟ್ಟಿದ್ದಾರೆ ಅಂತಲೂ ಅವರಿಗೆ ಗೊತ್ತಿತ್ತು. ಮೇಲಿನವರಿಗೆ ಬರೆದರು. ಮಾರಾಟ ರದ್ದಾಯಿತು.

ಆಗ ತೋಪಿಗೆ 305 ವರ್ಷ. ನಮ್ಮ 50ರ ನಿಯಮ ಅಲ್ಲಿದ್ದಿದ್ದರೆ ಆರು ಸಲ ವಿಂಟೇಜ್ ಆಗಿರ್ತಿತ್ತು. ಆದರೂ ಅದು ಕಾಗದದ ಮೇಲೆ ಬೇಡದ ಸರಕು. ಭಾರತದ ಪುರಾತತ್ತ್ವ ಇಲಾಖೆ ಹುಟ್ಟಿದ್ದೇ ಅದಾಗಿ ಏಳು ವರ್ಷಕ್ಕೆ, 1861ರಲ್ಲಿ. ಅಂದರೆ ವಯಸ್ಸು ಯಾವುದನ್ನೂ ತಾನಾಗೇ ಪರಂಪರೆ ಮಾಡಲ್ಲ. ನಡುವೆ ಒಬ್ಬ ನೌಕರನಿಗೆ ಕಸಿವಿಸಿ ಆಗಬೇಕು. ಆ ಕಸಿವಿಸಿಗೆ ಯಾವ ನಿಯಮದ ಬೆಂಬಲವೂ ಇರಲಿಲ್ಲ. ಆದೇಶ ಪಾಲಿಸಿ ನೂರೈವತ್ತು ರೂಪಾಯಿ ಖಜಾನೆಗೆ ಕಟ್ಟಿದ್ದರೆ ಯಾರೂ ಕೇಳ್ತಿರಲಿಲ್ಲ.

ಆದರೆ ತೋಪಿನ ವಿಷಯ ಸುಲಭ. ಅದು ಸುಮ್ಮನಿದ್ದರೇ ಎಲ್ಲರಿಗೂ ಒಳ್ಳೇದು. ಅದು ಮತ್ತೆ ಸಿಡೀಲಿ ಅಂತ ಯಾರೂ ಬಯಸಲ್ಲ. ಬೆಂಕಿ ಆರಿಸೋ ಗಾಡಿ ಹಂಗಲ್ಲ. ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಒಂದಿದೆ. 1914ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನ ಜಾನ್ ಮಾರಿಸ್ ಅಂಡ್ ಸನ್ಸ್ ಕಂಪನಿ ಮಾಡಿದ್ದು. ಅದು ನಿಜಾಮರ ರೈಲ್ವೆಯ ಆಸ್ತಿಯಾಗಿತ್ತು. ನಮ್ಮ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗೋ ಹಳಿ ಹಾಕಿದ ಅದೇ ರೈಲ್ವೆ. ಸಂಗ್ರಹಾಲಯ ಅಂದಮೇಲೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಅಂತ ಬೋರ್ಡು ಹಾಕಿರ್ತಾರೆ ಅಂದ್ಕೋತೀವಿ. ಆದರೆ ಆ ಗಾಡಿ ಸ್ಟಾರ್ಟ್ ಆಗುತ್ತೆ. 1964ರಿಂದ ನಡೀತಾ ಬಂದಿರೋ ದಿಲ್ಲಿಯ ಸ್ಟೇಟ್ಸ್‌ಮನ್ ವಿಂಟೇಜ್ ಕಾರ್ ರ‍್ಯಾಲಿಯಲ್ಲಿ ಅದು ರಸ್ತೆಗಿಳಿದು ಓಡಿದೆ.

ಅದರ ಫೋಟೋವನ್ನು ಊರಲ್ಲಿ ಕಾಕಾನಿಗೆ ತೋರಿಸಿದ್ದೆ. ಮೊಬೈಲನ್ನು ದೂರ ಹಿಡಿದು ಕಣ್ಣು ಸಣ್ಣ ಮಾಡಿ ನೋಡಿದ.

“ಭಾಳ ಚಲೋ ಇಟ್ಟಾರ. ನೀರ ಹಾರಸ್ತೈತೇನು?”

“ಗೊತ್ತಿಲ್ಲ ಕಾಕಾ. ಓಡತೈತಿ.”

“ಓಡೂದಕ್ಕ ಟ್ರಕ್ ಐತಲ್ಲೋ. ನೀರ ಹಾರಸಲಿಲ್ಲಂದ್ರ ಅದೆಂಥಾ ಬೆಂಕಿ ಗಾಡಿ? ಕೆಂಪು ಬಣ್ಣದ ಮೋಡಕಾ.”

ಮೋಡಕಾ ಅಂದರೆ ನಮ್ಮ ಕಡೆ ಗುಜರಿ. ಕಾಕಾ ಓದಿದ್ದು ನಾಲ್ಕನೇತ್ತೆ. ಆದರೆ ಈ ವಿಷಯದಲ್ಲಿ ತತ್ತ್ವಶಾಸ್ತ್ರದ ಪುಸ್ತಕಗಳು ಎತ್ತೋದಕ್ಕಿಂತ ಒಳ್ಳೇ ಪ್ರಶ್ನೆ ಅವನದು ಅಂತ ನನಗನ್ನಿಸುತ್ತೆ. ಪುಸ್ತಕದವರು ಥೀಸಿಯಸ್‌ನ ಹಡಗಿನ ಕತೆ ತೆಗೀತಾರೆ: ಒಂದೊಂದೇ ಹಲಗೆ ಬದಲಿಸುತ್ತ ಹೋದರೆ ಕೊನೆಗೆ ಉಳಿಯೋದು ಅದೇ ಹಡಗಾ ಅಂತ. ಕೌದಿ ಹೊದ್ದು ಬೆಳೆದವರಿಗೆ ಇದು ಅಷ್ಟು ದೊಡ್ಡ ಒಗಟಲ್ಲ. ಅಜ್ಜಿಯ ಸೀರೆ ಹರಿದಲ್ಲಿ ಅವ್ವನ ಸೀರೆ, ಅದು ಹರಿದಲ್ಲಿ ಅಪ್ಪನ ಧೋತರ, ಮೇಲೆ ಹೊಸ ದಾರದ ಸಾಲು. ಹತ್ತು ವರ್ಷಕ್ಕೆ ಅಜ್ಜಿಯ ಸೀರೆಯ ಒಂದು ಎಳೆಯೂ ಮೇಲಕ್ಕೆ ಕಾಣಲ್ಲ. ಆದರೂ ಅದು ಅಜ್ಜಿಯ ಕೌದಿ. ಯಾಕಂದರೆ ಅದನ್ನು ಹೊದಿಯೋದು ಒಂದು ರಾತ್ರಿಯೂ ನಿಂತಿಲ್ಲ. ಅದೇ ಕೌದಿಯನ್ನು ತೊಳೆದು, ಮಡಚಿ, ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಪ್ರತಿ ಎಳೆಯೂ ಅಜ್ಜಿಯದೇ ಆಗಿರುತ್ತೆ, ಆದರೆ ಚಳಿಗೆ ಯಾರಿಗೂ ಆಗಲ್ಲ.

ನಿಯಮದಲ್ಲಿರೋ ‘ಮೂಲ ರೂಪ’ ಅನ್ನೋ ಮಾತು ನನಗೆ ಇರುಸುಮುರುಸು ಮಾಡೋದು ಇದಕ್ಕೇ. ಮದುವೆ ಮೆರವಣಿಗೆಗೆ ಮಾತ್ರ ಹೊರಬರ್ತಿದ್ದ ಮಹಾರಾಜರ ಕಾರು ಮೂಲ ರೂಪದಲ್ಲಿ ಉಳೀಬಹುದು. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಹೋದಾಗ ಅವುಗಳ ಹೊಳಪು ನೋಡಿ ಬಾಯಿ ಬಿಟ್ಟು ನಿಂತಿದ್ದೀನಿ. ಆದರೆ ದುಡಿದ ಗಾಡಿ ಹಂಗಿರೋಕೆ ಸಾಧ್ಯವೇ ಇಲ್ಲ. ದುಡಿದಷ್ಟೂ ಅದರ ಭಾಗ ಬದಲಾಗಿರುತ್ತೆ. ಹೋಸು ಹರಿದಿರುತ್ತೆ, ವಾಲ್ವು ಬೇರೆ ಕೂತಿರುತ್ತೆ, ಯಾವುದೋ ತಾಲೂಕಿನ ವೆಲ್ಡಿಂಗ್ ಅಂಗಡಿಯವನು ಏಣಿಯ ಕೊಕ್ಕೆಗೆ ಪಟ್ಟಿ ಹಾಕಿರ್ತಾನೆ. ಆ ಪಟ್ಟಿ ಕಿತ್ತು ಕಾರ್ಖಾನೆಯಿಂದ ಬಂದಂಗೆ ಮಾಡೋದನ್ನ ರೆಸ್ಟೋರೇಶನ್ ಅಂತೀವಿ. ಆಗ ನಾವು ಉಳಿಸೋದು ಗಾಡಿ ಇನ್ನೂ ಒಂದು ಬೆಂಕಿಗೂ ಹೋಗದ ಮೊದಲ ದಿನವನ್ನ. ಅದು ದುಡಿದ ಹದಿನೈದು ವರ್ಷವನ್ನ ಮರಳುಕಾಗದ ಹಾಕಿ ತಿಕ್ಕಿ ತೆಗೀತೀವಿ.

ಬೆಂಕಿ ಗಾಡಿಯ ವಯಸ್ಸು ಲೆಕ್ಕ ಹಾಕೋದೂ ಒಂದು ವಿಚಿತ್ರ. ಮಾಮೂಲಿ ಲಾರಿಯ ವಯಸ್ಸು ಅದರ ಕಿಲೋಮೀಟರಿನಲ್ಲಿದೆ. ಠಾಣೆಯ ಗಾಡಿ ಹೆಚ್ಚು ಓಡೋದೇ ಇಲ್ಲ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಕಾಣೋ ವಾಟರ್ ಟೆಂಡರಿನ ಟ್ಯಾಂಕಿನಲ್ಲಿ 4,500 ಲೀಟರ್ ನೀರು, ಅಂದರೆ ನಾಲ್ಕೂವರೆ ಟನ್ ಭಾರ, ಹಗಲೂ ರಾತ್ರಿ ತುಂಬಿಕೊಂಡೇ ನಿಂತಿರುತ್ತೆ. ಲಾರಿ ಲೋಡು ಇಳಿಸಿ ಹಗುರಾಗುತ್ತೆ. ಇದರ ಬ್ಲೇಡ್ ಸ್ಪ್ರಿಂಗಿಗೆ ರಜೆಯೇ ಇಲ್ಲ. ಗಂಟೆ ಬಾರಿಸಿದ ತಕ್ಷಣ, ಎಂಜಿನ್ ಬಿಸಿಯಾಗೋದರೊಳಗೆ, ಪೂರ್ತಿ ಲೋಡಿನಲ್ಲಿ ಎದ್ದು ಓಡಬೇಕು. ಬೆಂಕಿಯ ಹತ್ತಿರ ನಿಂತ ಮೇಲೆ ಚಕ್ರ ತಿರುಗಲ್ಲ, ಆದರೆ ಅದೇ ಎಂಜಿನ್ನು ಗಂಟೆಗಟ್ಟಲೆ ಪಂಪ್ ತಿರುಗಿಸುತ್ತೆ. ಕಿಲೋಮೀಟರ್ ಮೀಟರಿನಲ್ಲಿ ಅದು ಸೊನ್ನೆ. ಹದಿನೈದು ವರ್ಷದ ಕ್ಯಾಲೆಂಡರಿಗೂ ಇದು ಗೊತ್ತಿಲ್ಲ, ಓಡೋಮೀಟರಿಗೂ ಗೊತ್ತಿಲ್ಲ. ಗೊತ್ತಿರೋದು ಠಾಣೆಯ ರಿಜಿಸ್ಟರಿಗೆ ಮತ್ತು ದಿನಾ ಬೆಳಿಗ್ಗೆ ಅದನ್ನ ಸ್ಟಾರ್ಟ್ ಮಾಡಿ ನೋಡೋ ಚಾಲಕನಿಗೆ.

ಇಂಥ ಗಾಡಿ ಕೆಲಸ ಮಾಡಿ ಸಾಯೋದಕ್ಕಿಂತ ಸುಮ್ಮನೆ ನಿಂತು ಸಾಯೋದು ಬೇಗ. ರಬ್ಬರ್ ವಾಷರು ಒಣಗಿ ಬಿರಿಯುತ್ತೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಂಡು ಸಿಲಿಂಡರನ್ನ ಒಳಗಿಂದ ತಿನ್ನುತ್ತೆ. ಟಯರು ಓಡದಿದ್ದರೂ ಸೀಳು ಬಿಡುತ್ತೆ. ಸೆಂಟ್ರಿಫ್ಯೂಗಲ್ ಪಂಪು ಗಾಳಿಯನ್ನ ಎಳೆಯಲ್ಲ, ಮೊದಲು ಅದರೊಳಗಿನ ಗಾಳಿ ತೆಗೆದು ನೀರು ತುಂಬಬೇಕು. ಹೊಲದ ಬಾವಿಗೆ ಪಂಪ್‌ಸೆಟ್ ಕೂರಿಸಿದವರಿಗೆಲ್ಲ ಇದು ಗೊತ್ತು. ಫುಟ್‌ವಾಲ್ವ್ ಸೋರಿದರೆ ಮೋಟರ್ ಎಷ್ಟು ಕಿರುಚಿದರೂ ಹನಿ ನೀರು ಮೇಲೆ ಬರಲ್ಲ. ಪಂಪ್ ಎಷ್ಟೇ ಒಳ್ಳೇದಿದ್ದರೂ ಏಳು ಮೀಟರಿನ ಆಸುಪಾಸಿನ ಆಳದಿಂದ ಮಾತ್ರ ನೀರು ಹೀರೋದು. ಬೇಸಿಗೆಯಲ್ಲಿ ನಮ್ಮ ಕಡೆಯ ಬಾವಿಗಳಲ್ಲಿ ನೀರು ಅದಕ್ಕಿಂತ ಕೆಳಗಿರುತ್ತೆ, ಹಾಗಾಗಿ ಟ್ಯಾಂಕಿನಲ್ಲಿ ತಂದ ನೀರೇ ಗತಿ. ಪಂಪಿನ ದಂಡ ಹೊರಬರೋ ಜಾಗದಲ್ಲಿ ಗ್ಲ್ಯಾಂಡ್ ಅಂತ ಇರುತ್ತೆ, ಅದರೊಳಗೆ ಗ್ರ್ಯಾಫೈಟ್ ಮೆತ್ತಿದ ದಾರ ಸುತ್ತಿರ್ತಾರೆ. ಹೊಸಬರು ಅಲ್ಲಿ ನೀರು ತೊಟ್ಟಿಕ್ಕೋದು ನೋಡಿ ಸ್ಪ್ಯಾನರ್ ತಗೊಂಡು ಬಿಗಿ ಮಾಡ್ತಾರೆ. ಪೂರ್ತಿ ಬಿಗಿ ಮಾಡಿದರೆ ದಂಡ ಕಾಯ್ದು ಸವೆಯುತ್ತೆ. ಒಂದೊಂದು ಹನಿ ಬೀಳ್ತಿದ್ದರೇ ಅದು ಸರಿ ಇದೆ ಅಂತ ಅರ್ಥ. ಈ ಒಂದು ಸಂಗತಿ ಯಾರಾದರೂ ಬೆರಳಿಟ್ಟು ತೋರಿಸಿದರೆ ಮಾತ್ರ ಕೈಗೆ ಹತ್ತೋದು.

ಹಾಗಾಗಿ ಹಳೇ ಗಾಡಿ ಉಳಿಸಿಕೊಳ್ಳೋದಕ್ಕೆ ನನಗೆ ಕಾಣೋ ನಿಜವಾದ ಕಾರಣ ಆ ಬೆರಳು. ಕಬ್ಬಿಣ ಕರಗಿಸಿ ಮತ್ತೆ ಕಬ್ಬಿಣ ಮಾಡಬಹುದು, ಒಳ್ಳೇದೇ. ಗ್ಲ್ಯಾಂಡ್ ಎಷ್ಟು ಬಿಗಿಯಾಗಿರಬೇಕು ಅನ್ನೋ ತಿಳಿವಳಿಕೆಯನ್ನ ಕರಗಿಸಿ ಮತ್ತೆ ಎರಕ ಹೊಯ್ಯೋಕೆ ಆಗಲ್ಲ. ಸಂಗ್ರಹಾಲಯದಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಅದು ಉಳಿಯಲ್ಲ. ವಾರಕ್ಕೊಮ್ಮೆಯಾದರೂ ನೀರು ಹಾರಿಸೋ ಗಾಡಿಯಲ್ಲಿ ಉಳಿಯುತ್ತೆ. ಬಸವನ ಬಾಗೇವಾಡಿಯ ಸುತ್ತಮುತ್ತ ಹುಟ್ಟಿದವರಿಗೆ ಸ್ಥಾವರ, ಜಂಗಮ ಅನ್ನೋ ಎರಡು ಶಬ್ದ ಕೊಟ್ಟರೆ ಸಾಕು, ಇದರ ಮೇಲೆ ಕಟ್ಟೆಗೆ ಕೂತು ಸಂಜೆಯವರೆಗೂ ಮಾತಾಡ್ತಾರೆ.

ಇಲ್ಲಿ ನಗರದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಹಳ್ಳಿಯವರು ಹಳೇದನ್ನ ಪ್ರೀತಿಯಿಂದ ಕಾಪಾಡ್ತಾರೆ ಅನ್ನೋದು ನಮ್ಮ ಕಲ್ಪನೆ. ಮುರಿದ ಕುಂಟೆ ಒಲೆಗೆ ಹೋಗುತ್ತೆ. ಖಂಡೇಪೂಜೆಗೆ ವಿಭೂತಿ ಹಚ್ಚಿಸಿಕೊಂಡ ಕುಡಗೋಲು ಸವೆದ ಮೇಲೆ ಮೋಡಕಾದವನ ತಕ್ಕಡಿಗೆ ಬೀಳುತ್ತೆ. ಅಲ್ಲಿ ವಸ್ತುವಿಗೆ ಗೌರವ ಇರೋದು ಅದು ದುಡಿಯೋವರೆಗೆ, ಅದೂ ಪೂರ್ತಿಯಾಗಿ. ಬಂಡಿಯ ಗಾಲಿಗೆ ವಾರ್ನಿಷ್ ಹೊಡೆದು ಗೋಡೆಗೆ ತೂಗುಹಾಕೋದು ಬೆಂಗಳೂರಿನ ಹೋಟೆಲುಗಳ ರುಚಿ. ನಮ್ಮ ಕಸುಬಿನಲ್ಲೂ ನೋಡಿ, ಹತ್ತು ವರ್ಷದಿಂದ ದಿನಾ ಸಂಬಳ ಹಾಕ್ತಿರೋ ಸಾಫ್ಟ್‌ವೇರಿಗೆ ‘ಲೆಗಸಿ’ ಅಂತ ಹೆಸರಿಟ್ಟಿದ್ದೀವಿ. ಬೇರೆಯವರ ಬಾಯಲ್ಲಿ ಅದು ಹಿರಿಯರು ಬಿಟ್ಟುಹೋದ ಆಸ್ತಿ. ನಮ್ಮ ಬಾಯಲ್ಲಿ ಬೈಗುಳ. ಅದನ್ನ ನೋಡಿಕೊಳ್ಳೋ ಕೆಲಸ ಯಾರಿಗೂ ಬೇಡ. ಶನಿವಾರ ಮಾತ್ರ ಎಪ್ಪತ್ತರ ದಶಕದ ಬೈಕಿನ ಕಾರ್ಬೊರೇಟರ್ ಬಿಚ್ಚಿ ಧ್ಯಾನಸ್ಥರಾಗ್ತೀವಿ.

ಕಾಕಾನ ಇನ್ನೊಂದು ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವನು ಆಮೇಲೆ ಕೇಳಿದ್ದ: “ಹಳೇದಕ್ಕ ಹಚ್ಚೂ ರೊಕ್ಕ ಹೊಸಾದಕ್ಕ ಯಾಕ ಹಚ್ಚಬಾರ್ದು?” ನಮ್ಮ ಕಡೆ ಫೆಬ್ರವರಿ ಕಳೀತು ಅಂದರೆ ಬಿಳಿಜೋಳದ ರಾಶಿ ಮುಗಿದು, ಕಣಕಿಯ ಬಣವಿಗಳು ಊರ ಸುತ್ತ ಎದ್ದಿರ್ತವೆ. ಒಂದು ಕರೆಂಟ್ ತಂತಿಯ ಕಿಡಿ ಸಾಕು. ಬಣವಿ ಅಂದರೆ ಮುಂದಿನ ಮಳೆಗಾಲದವರೆಗೆ ದನಗಳ ಊಟ. ತಾಲೂಕು ಠಾಣೆಯ ಗಾಡಿ ಬರೋವರೆಗೆ ಜನ ಕೊಡ ಹಿಡಿದು ಓಡ್ತಾರೆ, ಪಕ್ಕದ ಬಣವಿಗಾದರೂ ಹತ್ತದಿರಲಿ ಅಂತ. ಇದನ್ನ ಕಂಡವರಿಗೆ, ಯಾರೋ ಲಕ್ಷಗಟ್ಟಲೆ ಖರ್ಚು ಮಾಡಿ ಹಳೇ ಬೆಂಕಿ ಗಾಡಿಗೆ ಹಿತ್ತಾಳೆ ಗಂಟೆ ಹುಡುಕ್ತಿದ್ದಾರೆ ಅಂದರೆ ಹೊಟ್ಟೆ ಉರಿಯೋದು ಸಹಜ.

ಇದಕ್ಕೊಂದು ಸಿದ್ಧ ಉತ್ತರ ಇದೆ: ಹವ್ಯಾಸದ ದುಡ್ಡು ಹೇಗಿದ್ದರೂ ಠಾಣೆಗೆ ಹೋಗ್ತಿರಲಿಲ್ಲ, ಇಲ್ಲದಿದ್ದರೆ ಗೋವಾ ಟ್ರಿಪ್ಪಿಗೆ ಹೋಗ್ತಿತ್ತು ಅಂತ. ಲೆಕ್ಕ ಸರಿ, ಆದರೆ ನನಗೆ ಸಮಾಧಾನ ಆಗಲ್ಲ. ನಾನು ಹವ್ಯಾಸಿಗಳನ್ನ ಅಳೆಯೋ ಅಳತೆ ಬೇರೆ. ಹಳೇ ಯಂತ್ರವನ್ನ ನೋಡಿಕೊಳ್ಳೋ ಕೈ, ಹೊಸ ಯಂತ್ರವನ್ನೂ ನೋಡುತ್ತಾ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಜನ ಸತ್ತರು. ಆಫೀಸಿನ ಕೆಲಸಕ್ಕೆ ಬಂದವರು, ನಮ್ಮಂಥವರೇ. ಅದಾದ ಮೇಲೂ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ತೂಗ್ತಿರೋ ಸಿಲಿಂಡರಿನ ಮುಳ್ಳು ಹಸಿರಲ್ಲಿದೆಯಾ ಕೆಂಪಲ್ಲಿದೆಯಾ ಅಂತ ನೋಡಿದವರು ನಮ್ಮಲ್ಲಿ ಎಷ್ಟು ಜನ? ತುರ್ತು ಬಾಗಿಲ ಮುಂದೆ ಇರೋದು ಯಾರ ಹಳೇ ಸೋಫಾ? ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಅಂತ ಆಫೀಸಿನ ಪಾರ್ಕಿಂಗಿನಲ್ಲಿ ಟ್ರೇಗೆ ಬೆಂಕಿ ಹಚ್ಚಿ ಆರಿಸಿ ತೋರಿಸ್ತಾರೆ, ನಾವು ವಿಡಿಯೋ ಮಾಡ್ಕೋತೀವಿ. ಆ ದಿನಾಂಕ ಯಾಕೆ ಅಂತ ಕೇಳಿದರೆ ಗೊತ್ತಿರೋರು ಕಡಿಮೆ. 1944ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗಿನ ಬೆಂಕಿ ಆರಿಸೋಕೆ ಹೋಗಿ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು.

ವಾರವಾರ ಹಳೇ ಪಂಪಿನ ಗ್ಲ್ಯಾಂಡ್ ನೋಡೋ ಮನುಷ್ಯ ತನ್ನ ಕಟ್ಟಡದ ಹೈಡ್ರಂಟನ್ನೂ ತಿರುಗಿಸಿ ನೋಡ್ತಾನೆ ಅಂತಾದರೆ, ಅವನ ಹಿತ್ತಾಳೆ ಗಂಟೆಯ ಖರ್ಚಿನ ಮೇಲೆ ನನಗೆ ತಕರಾರಿಲ್ಲ. ನೋಡಲ್ಲ ಅಂದರೆ ಕಾಕಾನೇ ಸರಿ.

ಕಾನೂನಿನ ವಿಷಯಕ್ಕೆ ಬಂದರೆ, ನನಗೆ ಬೇಕಿರೋದು ದೊಡ್ಡದೇನಲ್ಲ. ಎಲ್ಲ ಹಳೇ ಗಾಡಿ ಉಳಿಸಿ ಅಂತ ಕೇಳಲ್ಲ, ಅಷ್ಟು ಜಾಗವೂ ಇಲ್ಲ, ಉಳಿಸಿಕೊಳ್ಳುವಷ್ಟು ಯೋಗ್ಯತೆ ಎಲ್ಲಕ್ಕೂ ಇರಲ್ಲ. ಜಿಲ್ಲೆಗೆ ಒಂದು. ಹದಿನೈದು ತುಂಬಿದ್ದರಲ್ಲಿ ಒಂದನ್ನ ಸ್ಕ್ರ್ಯಾಪಿನ ಸಾಲಿನಿಂದ ಹೊರಗಿಟ್ಟು, ರಸ್ತೆಗೆ ಬಿಡದೆ, ಒಂದು ಐಟಿಐಗೋ ಪಾಲಿಟೆಕ್ನಿಕ್ಕಿಗೋ ಕೊಡಿ. ವೆಲ್ಡಿಂಗಿನ ಪಟ್ಟಿ ಕೀಳದೆ, ಹೊಸ ಬಣ್ಣ ಬಳಿಯದೆ. ಪಕ್ಕದಲ್ಲೊಂದು ನೀರಿನ ತೊಟ್ಟಿ ಇರಲಿ. ನಿವೃತ್ತ ಚಾಲಕರೊಬ್ಬರು ವಾರಕ್ಕೊಂದು ದಿನ ಬಂದು ಹುಡುಗರ ಕೈಲಿ ಪ್ರೈಮ್ ಮಾಡಿಸಿ, ನೀರು ಹಾರಿಸಿ, ಅದೇ ನೀರು ತೊಟ್ಟಿಗೆ ವಾಪಸ್ ಬೀಳೋ ಹಂಗೆ ನೋಡಿಕೊಳ್ಳಲಿ. ಓಡಿದ ಕಿಲೋಮೀಟರ್ ಕಾಲಂ ಖಾಲಿ ಬಿಟ್ಟು, ಪಂಪ್ ತಿರುಗಿದ ನಿಮಿಷಗಳನ್ನ ರಿಜಿಸ್ಟರಿನಲ್ಲಿ ಬರೀಲಿ.

ಇದನ್ನ ಹೇಳಿದಾಗ ಸರ್ಕಾರಿ ಕೆಲಸದಲ್ಲಿರೋ ಗೆಳೆಯನೊಬ್ಬ ನಕ್ಕ. ಐಡಿಯಾ ಒಳ್ಳೇದೇ ಮಾರಾಯ, ಆದರೆ ಆಡಿಟ್ ಬಂದಾಗ ಅದು ಯಾವ ಸಾಲಿನಲ್ಲಿ ಬರುತ್ತೆ, ಡೀಸೆಲ್ ಬಿಲ್ಲಿಗೆ ಯಾರು ಸಹಿ ಮಾಡ್ತಾರೆ ಅಂದ. ಆ ಸಹಿ ಮಾಡೋ ಮಾಮಲೇದಾರ ಇನ್ನೂ ಸಿಕ್ಕಿಲ್ಲ.